ಗಂಡನ ಉದ್ಯೋಗ: ಕಡಲು

ಕುದುರೆಮುಖದ ಕಪ್ಪು ಹುಡಿ ಕೊಳವೆಯಲ್ಲಿ ಇಳಿದು ಬಂದು
ಪಣಂಬೂರಿನ ಧಕ್ಕೆಯಲ್ಲಿ ಹಡಗು ಹತ್ತುತ್ತಿದ್ದ ಕಾಲ.
ಮಲ್ಯರ ಮೆಡಿಕಲ್ಲಿನಲ್ಲಿ ನಾನು ಪೊಟ್ಟಣ ಕಟ್ಟುವ ಹುಡುಗ,
ಹತ್ತನೇ ಕ್ಲಾಸು ಫೇಲು, ಸಂಬಳ ನೂರ ಹತ್ತು.
ಅಷ್ಟು ದೊಡ್ಡ ಹಡಗುಗಳಿಂದ ನಮಗೆ ದಕ್ಕಿದ್ದು
ಕಪಾಟಿನ ಗಾಜಿನಿಂದ ದಿನಾ ಒರೆಸುವಷ್ಟು ಮಸಿ.

ಒಂದು ಸಂಜೆ ಆ ನಾವಿಕ ಬಂದ, ರುಮೇನಿಯದವ,
ಬಿಸಿಲಿಗೆ ಸಿಪ್ಪೆಯೆದ್ದ ಮೂಗು.
ಇಂಗ್ಲಿಷು ಅವನಿಗೆ ಬಾರದು, ನನಗೂ ಅಷ್ಟಕ್ಕಷ್ಟೆ.
ಬಿಲ್ಲಿನ ಹಿಂದೆ ಪೆನ್ಸಿಲಲ್ಲಿ ಗೀಚಿದ:
ಒಂದು ಹೆಂಗಸು, ಹೊಟ್ಟೆ ಚೆಂಡಿನ ಹಾಗೆ.
ಪಕ್ಕದಲ್ಲಿ ನಾಲ್ಕು ಮಕ್ಕಳು, ಕಡ್ಡಿ ಕಡ್ಡಿ.
ಹೊಟ್ಟೆಗೆ ಅಡ್ಡ ಗೀಟು ಎಳೆದ.
ಆಮೇಲೆ, ಯಾಕೆಂದು ತಿಳಿಯಲಿಲ್ಲ,
ಒಬ್ಬ ಪೊಲೀಸನನ್ನು ಬರೆದ, ಟೊಪ್ಪಿ ಗುಂಡಿ ಸಮೇತ.

ಹೊಟ್ಟೆ ಉಬ್ಬರ, ಎಂದು ಮಲ್ಯರು ಓಮದ ಅರ್ಕ ತೆಗೆದರು.
ಬೆಂಚಿನಲ್ಲಿ ಕೂತಿದ್ದ ಉಪಕೇಂದ್ರದ ನರ್ಸು ಕಾರ್ಮಿನ್ ಬಾಯಿ
ಕನ್ನಡಕ ಏರಿಸಿ ಚಿತ್ರವನ್ನು ತುಂಬಾ ಹೊತ್ತು ನೋಡಿ
"ಇದಕ್ಕೆ ಓಮ ಸಾಲದು ಮಾಮ್" ಎಂದರು.

ನಮ್ಮಲ್ಲಿ ಸರಕಾರದ ಮಾತ್ರೆ ಮೂಟೆ ಮೂಟೆ.
ಕೆಂಪು ತ್ರಿಕೋನದ ಪೆಟ್ಟಿಗೆಗಳ ಮೇಲೆ
ಉಪಕೇಂದ್ರದ ಬೆಕ್ಕು ಐದು ಮರಿ ಹಾಕಿತ್ತು.
ನಿರೋಧ್ ಊದಿ ಮಕ್ಕಳು ಹೊಳೆಗೆ ಬಿಡುತ್ತಿದ್ದವು.
ಬಾಯಿ ಚೀಲ ಬಿಚ್ಚಿದರು. ಬಿಳಿ ಇಪ್ಪತ್ತೊಂದು, ಕಂದು ಏಳು.
ಅಂಗೈಗೆ ಕೆನ್ನೆಯಿಟ್ಟು ತೋರಿಸಿದರು, ಮಲಗುವ ಮುಂಚೆ, ದಿನಕ್ಕೊಂದು.
ಅವನು ಕೊಟ್ಟದ್ದು ಒಂದು ಸಾಬೂನು, ಗುಲಾಬಿ ವಾಸನೆ.
ಅವರದನ್ನು ಬಳಸಲಿಲ್ಲ, ಸೀರೆಗಳ ನಡುವೆ ಇಟ್ಟರು.

ಮುಂದಿನ ಹಡಗಿನ ರೇಡಿಯೋದವನಿಗೆ ಇಂಗ್ಲಿಷು ಬರುತ್ತಿತ್ತು.
ಅಲ್ಲಿ ಕಾರ್ಖಾನೆಯಲ್ಲೇ ಹೆಂಗಸರನ್ನು ಸಾಲು ನಿಲ್ಲಿಸಿ ಪರೀಕ್ಷೆಯಂತೆ,
ಮುಟ್ಟು ನಿಂತರೆ ಪಟ್ಟಿಯಲ್ಲಿ ಹೆಸರಂತೆ,
ತೆಗೆಸಿಕೊಂಡವಳಿಗೂ ತೆಗೆದವಳಿಗೂ ಜೈಲಂತೆ.
ಕೂಲಿಯವರದೇ ರಾಜ್ಯ ಅಲ್ಲವಾ ಅದು, ಎಂದು
ಬೀಡಿ ಯೂನಿಯನ್ನಿನ ಕಾಂತಪ್ಪಣ್ಣನನ್ನು ಕೇಳಿದೆ.
ಎಲೆಯಡಿಕೆ ಜಗಿಯುವುದು ನಿಲ್ಲಿಸಿ
"ಅಮೆರಿಕದವರು ಕಟ್ಟಿದ ಕತೆ ಮಾರಾಯ" ಎಂದ.
ಮರುದಿನ ಅವನ ಹೆಂಡತಿ ಬಂದು ಅದೇ ಮಾತ್ರೆ ಕೇಳಿದಳು,
ಪೇಪರಿನಲ್ಲಿ ಸುತ್ತಿ ಕೊಡು ಎಂದಳು.

ಹಡಗಿಗೆ ಹೋದದ್ದಕ್ಕೆಲ್ಲ ಪುಸ್ತಕದಲ್ಲಿ ಹೆಸರು ಬೇಕು.
ಬಾಯಿ ಹೇಳಿದರು, ನಾನು ಬರೆದೆ, ಅಕ್ಷರ ದುಂಡಗಿತ್ತು:
ಲಚ್ಚಿಮಿ, ಚಿತ್ರಾಪುರ.
ಬೀಪಾತುಮ್ಮ, ಬೆಂಗ್ರೆ.
ಸಿಂಫೊರೋಜ, ಕುಳೂರು.
ಮಕ್ಕಳು: ನಾಲ್ಕು. ಗಂಡನ ಉದ್ಯೋಗ: ಕಡಲು.
ಆ ವರ್ಷ ಟಾರ್ಗೆಟ್ಟಿನಲ್ಲಿ ತಾಲೂಕಿಗೇ ನಾವು ಮೊದಲು.
ಬಹುಮಾನ ಸ್ಟೀಲಿನ ಕೊಡ.

ಸಿಕ್ಕಿಬಿದ್ದರೆ ಕೆಲಸ ಹೋದೀತು ಬಾಯೀ, ಎಂದೆ ಒಮ್ಮೆ.
ಅಂಗಾರ ರಸ್ತೆ ದಾಟುತ್ತಿದ್ದ, ಧಕ್ಕೆಯ ಪಾಳಿ ಮುಗಿಸಿ,
ಹುಬ್ಬಿನ ತನಕ ಕಪ್ಪು ಹುಡಿ.
"ಎಪ್ಪತ್ತಾರರಲ್ಲಿ ಅವನನ್ನು ಲಾರಿ ಹತ್ತಿಸಿದ್ದು ನಾನೇ.
ಇನ್ನೂ ಮದುವೆ ಆಗಿಲ್ಲ ಅಂದ.
ಕ್ಯಾಂಪಿಗೆ ಒಂದು ತಲೆ ಕಡಿಮೆ ಇತ್ತು.
ಮದುವೆ ಆಗಿದೆ, ಮಕ್ಕಳು ಮೂರು ಅಂತ ಬರೆದದ್ದೂ ನಾನೇ."
ಅಂಗಾರ ನಮ್ಮನ್ನು ನೋಡಿ ಕೈ ಎತ್ತಿದ.
ಅವರೂ ಎತ್ತಿದರು.

ಎಂಬತ್ತೊಂಬತ್ತರ ಕ್ರಿಸ್ಮಸ್ಸಿಗೆ ಕುಸ್ವಾರಿನ ತಟ್ಟೆ ತಂದವರು
ರೇಡಿಯೋ ಕೇಳುತ್ತ ನಿಂತರು.
ಅಲ್ಲಿ ಸರಕಾರ ಬಿತ್ತು ಎಂದಿತು ವಾರ್ತೆ, ಹೆಂಗಸರ ಸುದ್ದಿ ಹೇಳಲಿಲ್ಲ.
ಆಮೇಲಿನ ಹಡಗಿನವರು ಗೇರುಬೀಜ ಕೇಳಿದರು, ಒಳ್ಳೆಮೆಣಸು ಕೇಳಿದರು.

ಆ ಬಿಲ್ಲು ನನ್ನ ಹತ್ತಿರ ಉಂಟು. ಪೆನ್ಸಿಲು ಮಾಸಿದೆ,
ಹೆಂಗಸು ಕಾಣುವುದಿಲ್ಲ, ಮಕ್ಕಳೂ ಇಲ್ಲ.
ಒತ್ತಿ ಬರೆದದ್ದಕ್ಕೋ ಏನೋ,
ಪೊಲೀಸನ ಗುಂಡಿಗಳು ಮಾತ್ರ
ಹಿಂದಿನಿಂದ ಮುಟ್ಟಿದರೂ ಬೆರಳಿಗೆ ಸಿಗುತ್ತವೆ.